ಸರಕಾರಿ ಕಚೇರಿಯಲ್ಲಿ ಚಾಲಗೇಣಿ

ಕರಾವಳಿಯ ಹಿರಿಯರಿಗೆ ಚಾಲಗೇಣಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಮೂಲಗೇಣಿಯವನಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿಯವನಿಗೆ ಇದ್ದದ್ದು ಧಣಿಯ ದಯೆ ಮಾತ್ರ. ಧಣಿಗೆ ಸಿಟ್ಟು ಬಂದರೆ ಅಥವಾ ಇನ್ನೊಬ್ಬ ಬಂದು ಎರಡು ಮುಡಿ ಅಕ್ಕಿ ಹೆಚ್ಚು ಕೊಡುತ್ತೇನೆಂದರೆ ಒಕ್ಕಲು ಗಂಟುಮೂಟೆ ಕಟ್ಟಬೇಕಿತ್ತು. ಆದ್ದರಿಂದ ಆತ ಅಂಗಳದಲ್ಲಿ ಒಂದು ತೆಂಗಿನ ಗಿಡ ನೆಡುವುದಕ್ಕೂ ಹತ್ತು ಸಲ ಯೋಚಿಸುತ್ತಿದ್ದ. ಕಾಯಿ ತಿನ್ನುವವರು ಯಾರೋ! 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೂಲಕ ದೇವರಾಜ ಅರಸು ಸರಕಾರ ಈ ವ್ಯವಸ್ಥೆಯನ್ನು ಕೊನೆಗಾಣಿಸಿತು. ಉಳುವವನಿಗೆ ಭೂಮಿ ಸಿಕ್ಕಿತು.

ಗದ್ದೆಯಿಂದ ಚಾಲಗೇಣಿಯನ್ನು ಹೊರಹಾಕಿದ ಅದೇ ಸರಕಾರ ಅದನ್ನು ತನ್ನದೇ ಕಚೇರಿಯೊಳಗೆ ಕರೆದು ಕೂರಿಸಿರುವ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯುತ್ತಿಲ್ಲ.

ನಮ್ಮ ಪರಿಚಯದ ಹೆಣ್ಣುಮಗಳೊಬ್ಬಳು ತಾಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಶಿಯನ್. ಹನ್ನೊಂದು ವರ್ಷದಿಂದ ಅದೇ ಮೇಜು, ಅದೇ ಸೂಕ್ಷ್ಮದರ್ಶಕ. ಆದರೆ ದಾಖಲೆಯ ಪ್ರಕಾರ ಆಕೆ ಅಲ್ಲಿ ಹನ್ನೊಂದು ಸಲ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ! ಪ್ರತಿವರ್ಷ ಒಂದು ದಿನ ಆಕೆಯನ್ನು ಕೆಲಸದಿಂದ ಬಿಡಿಸಲಾಗುತ್ತದೆ, ಮರುದಿನ ಮತ್ತೆ ಸೇರಿಸಿಕೊಳ್ಳಲಾಗುತ್ತದೆ. ಬಿಡಿಸಿದ ದಿನವೂ ಆಕೆ ರಕ್ತ ಪರೀಕ್ಷೆ ಮಾಡುತ್ತಾಳೆ. ಯಾಕೆಂದರೆ ರೋಗಿಗಳಿಗೆ ಆ ಒಂದು ದಿನ ಬ್ರೇಕ್ ಇಲ್ಲ. ಮಾರ್ಚ್ ತಿಂಗಳು ಬಂತೆಂದರೆ ಆಕೆಯ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಆದೇಶ ಬಂತೇ, ಏಜೆನ್ಸಿ ಬದಲಾಯಿತೇ, ಹೊಸ ಏಜೆನ್ಸಿಯವರು ಹಳಬರನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ? ಹೆರಿಗೆಯ ರಜೆ ಕೇಳಿದ್ದಕ್ಕೆ ಆಕೆಗೆ ಸಿಕ್ಕಿದ ಉತ್ತರ, "ನೀವು ನಮ್ಮ ಸಿಬ್ಬಂದಿಯೇ ಅಲ್ಲವಲ್ಲ?" ಎಂದಾಗಿತ್ತು. ಗೇಣಿಚೀಟಿನ ಕಾಲದ ಒಕ್ಕಲಿಗೂ ಈಕೆಗೂ ಇರುವ ವ್ಯತ್ಯಾಸವನ್ನು ಬಲ್ಲವರು ತಿಳಿಸಬೇಕು.

ಇದನ್ನು ಸುಧಾರಣೆ ಎಂದು ಕರೆಯಲಾಗುತ್ತಿದೆ. ಕರೆದವರು ಸಾಮಾನ್ಯರಲ್ಲ. 1980ರ ದಶಕದಲ್ಲಿ ಬ್ರಿಟನ್ ಮತ್ತು ನ್ಯೂಝಿಲ್ಯಾಂಡ್‌ಗಳಲ್ಲಿ ಹುಟ್ಟಿದ ಒಂದು ಸಿದ್ಧಾಂತ ಇದರ ಹಿಂದಿದೆ. ಅದರ ಪ್ರಕಾರ ಸರಕಾರವೆಂದರೆ ಒಂದು ಖರೀದಿದಾರ. ಇಲಾಖೆಗಳು ಮಾರಾಟಗಾರರು. ಶಿಕ್ಷಣ, ಆರೋಗ್ಯ, ಕಸ ವಿಲೇವಾರಿ ಎಲ್ಲವೂ ಸರಕು. ಇವರ ನಡುವೆ ಕರಾರು ಇರಬೇಕು, ಕರಾರಿನಲ್ಲಿ ಗುರಿ ಇರಬೇಕು, ಗುರಿ ಮುಟ್ಟದವನನ್ನು ಕಳುಹಿಸಬೇಕು. ನ್ಯೂಝಿಲ್ಯಾಂಡ್ 1988ರಲ್ಲಿ ಕಾನೂನನ್ನೇ ಮಾಡಿ ಇಲಾಖೆಗಳ ಕಾಯಂ ಮುಖ್ಯಸ್ಥರ ಹುದ್ದೆಗಳನ್ನು ತೆಗೆದುಹಾಕಿತು. ಅವರ ಜಾಗಕ್ಕೆ ಗರಿಷ್ಠ ಐದು ವರ್ಷಗಳ ಗುತ್ತಿಗೆಯ ಮುಖ್ಯ ಕಾರ್ಯನಿರ್ವಾಹಕರು ಬಂದರು. ಅದೇ ವರ್ಷ ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರಕಾರ ಇಲಾಖೆಗಳನ್ನು ಒಡೆದು ಏಜೆನ್ಸಿಗಳನ್ನಾಗಿ ಮಾಡತೊಡಗಿತು. ಜಗತ್ತಿನ ಆಡಳಿತ ತಜ್ಞರು ನ್ಯೂಝಿಲ್ಯಾಂಡಿಗೆ ತೀರ್ಥಯಾತ್ರೆ ಹೊರಟಂತೆ ಹೊರಟರು. ಬಡ ದೇಶಗಳಿಗೆ ಸಾಲ ಕೊಡುವವರು ಸಾಲದ ಜೊತೆಗೆ ಈ ಮದ್ದನ್ನೂ ಕೊಡತೊಡಗಿದರು.

ಆ ಮದ್ದು ಹುಟ್ಟಿದ ಊರಲ್ಲೇ ಏನು ಮಾಡಿತೆಂಬುದನ್ನು ನೋಡೋಣ.

1995ರ ಎಪ್ರಿಲ್ 28. ನ್ಯೂಝಿಲ್ಯಾಂಡಿನ ದಕ್ಷಿಣ ದ್ವೀಪದ ಪಾಪರೋವ ರಾಷ್ಟ್ರೀಯ ಉದ್ಯಾನದಲ್ಲಿ ಕೇವ್ ಕ್ರೀಕ್ ಎಂಬ ಜಾಗವಿದೆ. ಕಂದಕದ ಅಂಚಿನಲ್ಲಿ ಸಂರಕ್ಷಣಾ ಇಲಾಖೆಯು ಒಂದು ವೀಕ್ಷಣಾ ಕಟ್ಟೆಯನ್ನು ನಿರ್ಮಿಸಿತ್ತು. ಅಂದು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅದರ ಮೇಲೆ ನಿಂತಾಗ ಅದು ಕಿತ್ತುಕೊಂಡು ಕಂದಕಕ್ಕೆ ಬಿತ್ತು. 13 ವಿದ್ಯಾರ್ಥಿಗಳು ಮತ್ತು ಇಲಾಖೆಯ ಒಬ್ಬ ಸಿಬ್ಬಂದಿ ಸತ್ತರು. ತನಿಖಾ ಆಯೋಗ ಬಂತು. ಕಟ್ಟೆಯ ವಿನ್ಯಾಸವನ್ನು ಯಾವ ಅರ್ಹ ಎಂಜಿನಿಯರನೂ ಮಾಡಿರಲಿಲ್ಲ. ಕಟ್ಟಡ ಪರವಾನಿಗೆ ಪಡೆದಿರಲಿಲ್ಲ. ಬೋಲ್ಟ್ ಹಾಕಬೇಕಿದ್ದಲ್ಲಿ ಮೊಳೆ ಹೊಡೆಯಲಾಗಿತ್ತು. ಬೋಲ್ಟುಗಳಿದ್ದವು, ತೂತು ಕೊರೆಯುವ ಡ್ರಿಲ್ ಅಲ್ಲಿರಲಿಲ್ಲ!

ತಪ್ಪು ಯಾರದ್ದು? ಆಯೋಗ ಯಾವೊಬ್ಬ ವ್ಯಕ್ತಿಯನ್ನೂ ಹೊಣೆಯಾಗಿಸಲಿಲ್ಲ. ಇದು ವ್ಯವಸ್ಥೆಯ ವೈಫಲ್ಯ ಎಂದಿತು. ಇಲಾಖೆಗೆ ಒಪ್ಪಿಸಿದ ಕೆಲಸಕ್ಕೆ ಬೇಕಾದಷ್ಟು ಹಣ, ಜನ ಕೊಟ್ಟಿರಲಿಲ್ಲವೆಂದಿತು. ಮಂತ್ರಿ ರಾಜೀನಾಮೆ ಕೊಟ್ಟದ್ದು ಮರುವರ್ಷ. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸರಕಾರಿ ಇಲಾಖೆಯೊಂದರ ಮೇಲೆ ಇಂಥ ಮೊಕದ್ದಮೆ ಹೂಡಲು ಅವಕಾಶ ಕೊಡುವ ಕಾನೂನು ಬಂದದ್ದೇ 2002ರಲ್ಲಿ. ದುರಂತಕ್ಕೆ ಗುತ್ತಿಗೆ ಪದ್ಧತಿಯೇ ಕಾರಣವೆಂದು ಆಯೋಗ ಹೇಳಿಲ್ಲ, ನಾವೂ ಹೇಳುವುದಿಲ್ಲ. ಆದರೆ ಹೊಣೆಗಾರಿಕೆಯನ್ನು ಕರಾರಿನಲ್ಲಿ ಬರೆದಿಟ್ಟರೆ ಸಾಕು, ಪ್ರತಿಯೊಬ್ಬನೂ ಉತ್ತರ ಕೊಡಬೇಕಾಗುತ್ತದೆ ಎಂದು ಜಗತ್ತಿಗೆ ಪಾಠ ಹೇಳಿದ ದೇಶವದು. 14 ಹೆಣಗಳ ಮುಂದೆ ನಿಂತಾಗ ಅಲ್ಲಿ ಉತ್ತರ ಕೊಡುವವರೇ ಸಿಗಲಿಲ್ಲ. ಸಚಿವರು ಖರೀದಿಸುವವರು, ಮುಖ್ಯಸ್ಥರು ಮಾರುವವರು. ಮೊಳೆ ಹೊಡೆದವರ ಕೈಯಲ್ಲಿದ್ದದ್ದು ಸುತ್ತಿಗೆ ಮಾತ್ರ.

1998ರಲ್ಲಿ ಅಲೆನ್ ಶಿಕ್ ಎಂಬ ಅಮೆರಿಕದ ವಿದ್ವಾಂಸರು ವಿಶ್ವಬ್ಯಾಂಕಿನದೇ ಸಂಶೋಧನಾ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನ್ಯೂಝಿಲ್ಯಾಂಡಿನ ಸುಧಾರಣೆಯನ್ನು ಆ ದೇಶದ ಕೋರಿಕೆಯ ಮೇರೆಗೆ ಅಧ್ಯಯನ ಮಾಡಿದ್ದವರು ಅವರು. ಹೆಚ್ಚಿನ ಅಭಿವೃದ್ಧಿಶೀಲ ದೇಶಗಳು ಈ ದಾರಿ ಹಿಡಿಯಬಾರದು ಎಂಬುದು ಅವರ ಎಚ್ಚರಿಕೆಯಾಗಿತ್ತು. ಕರಾರನ್ನು ಗೌರವಿಸುವ ಮಾರುಕಟ್ಟೆ, ಕರಾರನ್ನು ಜಾರಿ ಮಾಡುವ ನ್ಯಾಯಾಲಯ ಮೊದಲೇ ಗಟ್ಟಿಯಾಗಿರುವಲ್ಲಿ ಮಾತ್ರ ಇದು ನಡೆದೀತು. ನಿಯಮ ಕಾಗದದಲ್ಲಿ, ವ್ಯವಹಾರ ಮೇಜಿನ ಕೆಳಗೆ ಎಂಬ ಸ್ಥಿತಿಯಿರುವಲ್ಲಿ ಕರಾರು ಇನ್ನೊಂದು ಕಾಗದವಾದೀತು ಅಷ್ಟೇ. ಮೂರು ವರ್ಷ ಮೊದಲು, 1995ರಲ್ಲಿ, ಸ್ವತಃ ವಿಶ್ವಬ್ಯಾಂಕೇ ಭಾರತವೂ ಸೇರಿದಂತೆ ಆರು ದೇಶಗಳ 12 ಸರಕಾರಿ ಉದ್ದಿಮೆಗಳ ಸಾಧನಾ ಕರಾರುಗಳನ್ನು ಪರಿಶೀಲಿಸಿ, ಹೆಚ್ಚಿನವುಗಳಿಂದ ಪ್ರಯೋಜನವಾಗಿಲ್ಲ ಎಂದು ಬರೆದಿತ್ತು. ನಮ್ಮಲ್ಲಿ ಅರ್ಜುನ್ ಸೇನ್‌ಗುಪ್ತಾ ಸಮಿತಿಯ 1984ರ ವರದಿಯ ಬಳಿಕ ಸಾರ್ವಜನಿಕ ಉದ್ದಿಮೆಗಳು ಮತ್ತು ಮಂತ್ರಾಲಯಗಳ ನಡುವೆ ಒಡಂಬಡಿಕೆ ಪತ್ರ ಬರೆಯುವ ಪದ್ಧತಿ ಬಂದಿತ್ತು. ಗುರಿಯನ್ನು ಇಟ್ಟವನಿಗಿಂತ ಗುರಿ ಮುಟ್ಟಬೇಕಾದವನಿಗೇ ಉದ್ದಿಮೆಯ ಒಳಹೊರಗು ಹೆಚ್ಚು ಗೊತ್ತು. ಸುಲಭದ ಗುರಿ ಬರೆಸಿಕೊಂಡು 'ಅತ್ಯುತ್ತಮ' ಎಂಬ ಪ್ರಮಾಣಪತ್ರ ಪಡೆಯುವುದು ಕಷ್ಟವೇನಲ್ಲ. ಶಾಲೆಯಲ್ಲಿ ಮಕ್ಕಳೇ ಪ್ರಶ್ನೆಪತ್ರಿಕೆ ತಯಾರಿಸಿದಂತೆ.

ಬ್ರಿಟನ್ನಿನ ಕತೆಯೂ ಬೇರೆಯಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಕಾವಲಿಗೆ ಗುತ್ತಿಗೆ ಹಿಡಿದ ಜಿ4ಎಸ್ ಕಂಪೆನಿಯು ಕ್ರೀಡೆ ಆರಂಭವಾಗಲು ವಾರಗಳಷ್ಟೇ ಇರುವಾಗ ಜನ ಸಾಲದೆಂದು ಕೈ ಎತ್ತಿತು. ಆಗ ಬಂದವರು ಯಾರು? ಸೈನಿಕರು. ಅಂದರೆ ಕಾಯಂ ಸರಕಾರಿ ನೌಕರರು. 2018ರ ಜನವರಿಯಲ್ಲಿ ಆಸ್ಪತ್ರೆ, ಶಾಲೆ, ಜೈಲುಗಳ ಗುತ್ತಿಗೆ ಹಿಡಿದಿದ್ದ ಕ್ಯಾರಿಲಿಯನ್ ಕಂಪೆನಿ ದಿವಾಳಿಯಾಯಿತು. ಅರ್ಧಕ್ಕೆ ನಿಂತ ಆಸ್ಪತ್ರೆಗಳ ಭಾರ ಬಂದು ಬಿದ್ದದ್ದು ಸರಕಾರದ ಹೆಗಲಿಗೇ.

ನಮ್ಮ ರಾಯಚೂರಿನವರು ಇದನ್ನು ಕೇಳಿ ನಕ್ಕಾರು. ಒಪೆಕ್ ನಿಧಿಯ ನೆರವಿನಿಂದ ಅಲ್ಲಿ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ರಾಜ್ಯ ಸರಕಾರ ಅಪೊಲೊ ಸಂಸ್ಥೆಯ ನಿರ್ವಹಣೆಗೆ ವಹಿಸಿತ್ತು. ಬಡತನ ರೇಖೆಗಿಂತ ಕೆಳಗಿನವರಿಗೆ ಶೇ. 40 ಹಾಸಿಗೆ ಎಂದು ಕರಾರು. ಕಟ್ಟಡ, ಯಂತ್ರ, ಭೂಮಿ ಎಲ್ಲ ಸರಕಾರದ್ದು. ಹತ್ತು ವರ್ಷಗಳ ಬಳಿಕ 2012ರಲ್ಲಿ ಆ ಒಪ್ಪಂದ ಮುಗಿಯಿತು. ಹಿಂದುಳಿದ ಜಿಲ್ಲೆಯೊಂದಕ್ಕೆ ಬಂದ ದೊಡ್ಡಾಸ್ಪತ್ರೆಯನ್ನು ತಾನೇ ನಡೆಸುವ ಅನುಭವವನ್ನು ಸರಕಾರ ಆ ಹತ್ತು ವರ್ಷಗಳಲ್ಲಿ ಗಳಿಸಬಹುದಿತ್ತು. ಅದನ್ನು ಕಳಕೊಂಡದ್ದಕ್ಕೆ ಯಾವ ಕರಾರಿನಲ್ಲೂ ಪರಿಹಾರದ ಕಲಂ ಇರಲಿಲ್ಲ.

ಗುತ್ತಿಗೆಯ ಪರ ವಾದಿಸುವವರ ಮಾತನ್ನೂ ಕೇಳಬೇಕು. ಅವರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಕಾಯಂ ನೌಕರರು ಕೆಲಸ ಮಾಡುವುದಿಲ್ಲ, ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಾರೆ, ಪಹಣಿಯ ಒಂದು ತಿದ್ದುಪಡಿಗೆ ಮೂರು ತಿಂಗಳು ಅಲೆಸುತ್ತಾರೆ, ಲಂಚವಿಲ್ಲದೆ ಕಡತ ಅಲುಗುವುದಿಲ್ಲ ಎನ್ನುತ್ತಾರೆ. ನಾವೂ ಅಲೆದಿದ್ದೇವೆ, ನೀವೂ ಅಲೆದಿದ್ದೀರಿ. ಕಾಯಂ ನೌಕರರ ಸಂಘಟನೆಗಳು ವೇತನ ಆಯೋಗಕ್ಕಾಗಿ ಬೀದಿಗಿಳಿದಷ್ಟು ಸುಲಭವಾಗಿ ಪಕ್ಕದ ಕುರ್ಚಿಯ ಗುತ್ತಿಗೆ ನೌಕರನಿಗಾಗಿ ಇಳಿಯುವುದಿಲ್ಲ ಎಂಬುದೂ ನಿಜ. ಆದರೆ ಲಂಚ ಕೇಳುವವನನ್ನು ಕೆಲಸದಿಂದ ತೆಗೆಯಲು ಈಗಿರುವ ಸೇವಾ ನಿಯಮಗಳೇ ಸಾಕು. ತೆಗೆಯುವ ಮನಸ್ಸಿಲ್ಲದ ಸರಕಾರವು ಅವನನ್ನು ಹಾಗೆಯೇ ಬಿಟ್ಟು, ನೆಲ ಒರೆಸುವವಳನ್ನೂ ಡಾಟಾ ಎಂಟ್ರಿ ಮಾಡುವವನನ್ನೂ ಗುತ್ತಿಗೆಗೆ ಹಾಕಿತು. ಇದು ಯಾವ ಸುಧಾರಣೆ? ಇಷ್ಟಕ್ಕೂ ತಪ್ಪು ಬಿಲ್ಲಿಗೆ ಸಹಿ ಹಾಕೆಂದು ಮೇಲಧಿಕಾರಿ ಒತ್ತಾಯಿಸಿದಾಗ ಆಗುವುದಿಲ್ಲ ಎನ್ನುವ ಧೈರ್ಯ ಯಾರಿಗಿದ್ದೀತು? ಮುಂದಿನ ಎಪ್ರಿಲ್‌ನಲ್ಲಿ ಆದೇಶ ಬರುತ್ತದೋ ಇಲ್ಲವೋ ಎಂದು ಕಾಯುವವನಿಗೇ? ಸರಕಾರಿ ನೌಕರನಿಗೆ ಸೇವಾ ಭದ್ರತೆ ಕೊಟ್ಟದ್ದು ಆತ ಆರಾಮವಾಗಿರಲೆಂದು ಅಲ್ಲ. ಅಧಿಕಾರಸ್ಥರ ಮುಖ ನೋಡದೆ ಕಾನೂನು ನೋಡಿ ಕೆಲಸ ಮಾಡಲೆಂದು.

ಉಳಿತಾಯವಾಗುತ್ತದೆ ಎಂಬುದು ಇನ್ನೊಂದು ವಾದ. ಯಾರ ಹೊಟ್ಟೆಯಿಂದ? ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. 2022ರ ಆರಂಭದವರೆಗೆ ಯುಜಿಸಿ ಅರ್ಹತೆಯಿದ್ದವರಿಗೂ ತಿಂಗಳಿಗೆ ಸಿಗುತ್ತಿದ್ದದ್ದು 13,000 ರೂಪಾಯಿ. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ಅದೇ ಕೊಠಡಿಯಲ್ಲಿ, ಅದೇ ಪಾಠವನ್ನು, ಅದೇ ಮಕ್ಕಳಿಗೆ ಹೇಳುವ ಕಾಯಂ ಪ್ರಾಧ್ಯಾಪಕರ ಸಂಬಳ ಅದರ ಹಲವು ಪಟ್ಟು. ತಿಂಗಳುಗಟ್ಟಲೆ ತರಗತಿ ಬಹಿಷ್ಕರಿಸಿ ಕೂತ ಮೇಲೆ 2022ರ ಜನವರಿಯಲ್ಲಿ ಸರಕಾರ ಗೌರವಧನವನ್ನು 26ರಿಂದ 32 ಸಾವಿರದವರೆಗೆ ಏರಿಸಿತು. ಆದರೆ ಅದರ ಜೊತೆಗೇ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಹೆಚ್ಚಿಸಿತು. ಅಂದರೆ ಇಬ್ಬರ ಕೆಲಸ ಒಬ್ಬರಿಗೆ. ಸಾವಿರಾರು ಮಂದಿ ಹೊರಬಿದ್ದರು. ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನ ತಟ್ಟೆಗೆ ಬಡಿಸಿ ಔದಾರ್ಯವೆಂದು ಹೇಳಿಕೊಳ್ಳಲಾಯಿತು! 'ಗೌರವಧನ' ಎಂಬ ಪದವನ್ನೂ ಗಮನಿಸಬೇಕು. ಸಂಬಳ ಎಂದರೆ ಹಕ್ಕಾಗುತ್ತದೆ, ಆದ್ದರಿಂದ ಗೌರವಧನ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿಯವರಿಗೂ ಇದೇ ಗೌರವ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಆಶಾ ಕಾರ್ಯಕರ್ತೆಯರು ಕೇಳಿದ್ದು ಗೌರವವನ್ನಲ್ಲ, ಹದಿನೈದು ಸಾವಿರ ರೂಪಾಯಿಯನ್ನು. ಹತ್ತು ಸಾವಿರದ ಭರವಸೆ ಪಡಕೊಂಡು ಎದ್ದರು. ಅದಕ್ಕೆ ಐದು ತಿಂಗಳು ಮೊದಲು, 2024ರ ಆಗಸ್ಟಿನಲ್ಲಿ, ರಾಜ್ಯ ಸರಕಾರಿ ನೌಕರರ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೇರಿತ್ತು.

ಇನ್ನು ಪೌರಕಾರ್ಮಿಕರು. 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಅವರ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕೆಂದಿತ್ತು. ಸರಕಾರ ಕಾಯಂ ನೇಮಕ ನಿಲ್ಲಿಸಿ ಗುತ್ತಿಗೆದಾರರನ್ನು ತಂದಿತು. ಪಾಲಿಕೆಯಿಂದ ಹೊರಟ ಹಣ ಪೊರಕೆ ಹಿಡಿದವರ ಕೈ ತಲುಪುವಾಗ ಎಷ್ಟಾಗುತ್ತಿತ್ತೆಂಬುದು ಬಹಿರಂಗ ಗುಟ್ಟು. ಸಂಬಳದಿಂದ ಪಿ.ಎಫ್. ಕಡಿತವಾಗುತ್ತಿತ್ತು, ಖಾತೆಗೆ ಬೀಳುತ್ತಿರಲಿಲ್ಲ ಎಂಬ ದೂರು ಊರೂರಲ್ಲಿ ಕೇಳಿಬಂತು. ಹಾಜರಿ ಪುಸ್ತಕದಲ್ಲಿದ್ದವರು ಬೀದಿಯಲ್ಲಿರಲಿಲ್ಲ. 2017-18ರಲ್ಲಿ ಗುತ್ತಿಗೆದಾರರನ್ನು ಬಿಟ್ಟು ನೇರ ಪಾವತಿ ಆರಂಭವಾದಾಗ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದಿಲ್ಲ ಎಂಬ ಗೊಂದಲದಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು. 2018ರ ಜುಲೈಯಲ್ಲಿ ಬೆಂಗಳೂರಿನ ಪೌರಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. 2022ರ ಜುಲೈಯಲ್ಲಿ ಸಾವಿರಾರು ಮಂದಿ, ಹೆಚ್ಚಿನವರು ದಲಿತ ಮಹಿಳೆಯರು, ಪೊರಕೆ ಕೆಳಗಿಟ್ಟು ಕೂತರು. ನಗರಕ್ಕೆ ನಾಲ್ಕೇ ದಿನದಲ್ಲಿ ಮೂಗು ಮುಚ್ಚಿಕೊಳ್ಳಬೇಕಾಯಿತು. ಕೊನೆಗೂ 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಈ ಪತ್ರ ಪಡೆದವರಿಂದಾಗಿ ರಾಜ್ಯ ದಿವಾಳಿಯೇನೂ ಆಗಲಿಲ್ಲ. ಕಸ ಗುಡಿಸುವುದನ್ನು ಅವರು ನಿಲ್ಲಿಸಲೂ ಇಲ್ಲ.

ನ್ಯಾಯಾಲಯಗಳ ಹಾದಿಯೂ ವಿಚಿತ್ರ. ನಿರಂತರವಾಗಿ ನಡೆಯುವ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸಲು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಅವಕಾಶವಿತ್ತು. ಹಾಗೆ ನಿಷೇಧಿಸಿದಾಗ ಕಾರ್ಮಿಕರು ಮೂಲ ಸಂಸ್ಥೆಯ ನೌಕರರಾಗುತ್ತಾರೆ ಎಂದು ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಅದೇ ಕೋರ್ಟು ಅದನ್ನು ತಳ್ಳಿಹಾಕಿತು. ಅಂದರೆ ಗುತ್ತಿಗೆ ತಪ್ಪೆಂದು ಸಾಬೀತಾದರೆ ಗುತ್ತಿಗೆ ಹೋಗುತ್ತದೆ, ಅದರ ಜೊತೆ ಕಾರ್ಮಿಕನ ಕೆಲಸವೂ ಹೋಗಬಹುದು! ಯಾವ ಕಾರ್ಮಿಕ ಇನ್ನು ದೂರು ಕೊಟ್ಟಾನು? 2006ರ ಎಪ್ರಿಲ್ 10ರಂದು ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದ ತೀರ್ಪು ಬಂತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದಿನಗೂಲಿ ಮಾಡಿದವರು ಕಾಯಮಾತಿ ಕೇಳಿದ್ದರು. ಹಿಂಬಾಗಿಲಿನಿಂದ ಬಂದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು ಸಂವಿಧಾನ ಪೀಠ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಪರಿಗಣಿಸಿ ಎಂದೂ ಅದೇ ತೀರ್ಪಿನಲ್ಲಿತ್ತು. ಸರಕಾರಗಳು ಮೊದಲ ಮಾತನ್ನು ಬಾಯಿಪಾಠ ಮಾಡಿದವು, ಎರಡನೆಯದನ್ನು ಮರೆತವು. ಹಿಂಬಾಗಿಲು ತೆರೆದಿಟ್ಟವರು ಯಾರು? ಒಳಗೆ ಕರೆದವರು ಯಾರು? ಬಾಗಿಲು ಕಾಯುವವನೇ ಕರೆದು ಕೂರಿಸಿ ಇಪ್ಪತ್ತು ವರ್ಷ ದುಡಿಸಿ, ನೀನು ಕದ್ದು ಬಂದವನು ಎಂದರೆ ಹೇಗೆ?

2016ರಲ್ಲಿ ಪಂಜಾಬಿನ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂದು ಕೋರ್ಟು ಹೇಳಿತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಾನುಗಟ್ಟಲೆ ಗುಡಿಸಿ ಒರೆಸಿದ ಬಳಿಕ ಕೆಲಸ ಕಳಕೊಂಡಿದ್ದವರನ್ನು ಮತ್ತೆ ಸೇರಿಸಿ ಕಾಯಂಗೊಳಿಸಬೇಕೆಂದು ಆದೇಶಿಸುತ್ತಾ, ಉಮಾದೇವಿ ತೀರ್ಪನ್ನು ಬಡ ನೌಕರರ ವಿರುದ್ಧ ಆಯುಧವಾಗಿ ಬಳಸಲಾಗುತ್ತಿದೆ ಎಂದು ಬೇಸರಿಸಿತು. ಕೋರ್ಟು ಒಂದು ಹೆಜ್ಜೆ ಈ ಕಡೆ ಬರುವಾಗ ಶಾಸನ ಎರಡು ಹೆಜ್ಜೆ ಆ ಕಡೆ ಹೋಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು 1970ರ ಕಾಯ್ದೆಯ ಜಾಗದಲ್ಲಿ ಕುಳಿತಿದೆ. 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ ನಿಯಮ ಇನ್ನು 50 ಇದ್ದರೆ ಮಾತ್ರ. ಸಂಸ್ಥೆ ಅದಕ್ಕೆಂದೇ ಹುಟ್ಟಿದ್ದಲ್ಲದಿದ್ದರೆ ಗುಡಿಸುವುದು, ಕಾವಲು ಕಾಯುವುದು, ಕ್ಯಾಂಟೀನು ಇವೆಲ್ಲ ಅದರ ಮುಖ್ಯ ಕೆಲಸವಲ್ಲವಂತೆ. ಆಸ್ಪತ್ರೆಯಲ್ಲಿ ನೆಲ ಒರೆಸುವುದು ಮುಖ್ಯ ಕೆಲಸವಲ್ಲ ಎಂದು ಬರೆದವರು ಒಂದು ದಿನ ಒರೆಸದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮಲಗಿ ನೋಡಬೇಕು.

ಗುತ್ತಿಗೆಯ ಕಾಗದದಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಕಾಯಂ ಹುದ್ದೆಗೆ ರೋಸ್ಟರ್ ಇದೆ, ಮೀಸಲಾತಿ ಇದೆ. ಏಜೆನ್ಸಿಗೆ ಯಾವ ರೋಸ್ಟರ್? ರಾಜ್ಯದಲ್ಲಿ ಮಂಜೂರಾದ ಏಳೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಖಾಲಿ ಬಿದ್ದಿವೆ. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರ ಮಕ್ಕಳು ಪದವಿ ಮುಗಿಸಿ ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಬಾಗಿಲು ಕಿರಿದಾಯಿತು. ಇದು ಕಾಕತಾಳೀಯವೇ? ಮೇಲಿನ ಹಂತದಲ್ಲೂ ಇದೇ ಕತೆ. 2024ರ ಆಗಸ್ಟಿನಲ್ಲಿ ಕೇಂದ್ರ ಲೋಕಸೇವಾ ಆಯೋಗವು 45 ಹಿರಿಯ ಹುದ್ದೆಗಳಿಗೆ ಗುತ್ತಿಗೆಯ ಮೇಲೆ ಹೊರಗಿನವರನ್ನು ತರಲು ಜಾಹೀರಾತು ಕೊಟ್ಟಿತು. ಮೀಸಲಾತಿ ಎಲ್ಲಿ ಎಂಬ ಕೂಗೆದ್ದ ಮೇಲೆ ಮೂರೇ ದಿನದಲ್ಲಿ ಹಿಂದೆಗೆಯಿತು. ನಮ್ಮ ರಾಜ್ಯ ಸರಕಾರ ಅದೇ ವರ್ಷ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಆದೇಶಿಸಿದೆ. ಸ್ವಾಗತಾರ್ಹ. ಆದರೆ ಚಾಲಗೇಣಿಯಲ್ಲಿ ಮೀಸಲಾತಿ ಕೊಟ್ಟರೆ ಮೂಲಗೇಣಿಯಲ್ಲಿ ಕೊಟ್ಟಂತಾಗುವುದೇ?

ಇಷ್ಟೆಲ್ಲ ಬರೆಯುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ನಮ್ಮದೇ ಸಮುದಾಯಗಳು ನಡೆಸುವ ಶಾಲೆ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕೂತವರು ಈ ಸಾಲುಗಳನ್ನು ಓದಿ ತಲೆದೂಗಬಹುದು. ಅವರ ಶಾಲೆಯ ಶಿಕ್ಷಕಿಗೆ ಎಪ್ರಿಲ್, ಮೇ ತಿಂಗಳ ಸಂಬಳ ಸಿಕ್ಕಿದೆಯೇ? ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುತ್ತೇವೆಂದು ಮಾರ್ಚ್‌ನಲ್ಲಿ ಬೀಳ್ಕೊಟ್ಟವರು ಸರಕಾರವನ್ನು ಯಾವ ಬಾಯಿಯಿಂದ ಕೇಳುವುದು? ಸರಕಾರವೇ ಹೀಗೆ ಮಾಡುತ್ತದಲ್ಲ ಎಂಬುದು ಅವರ ಸಮರ್ಥನೆ. ಹೌದು, ಸರಕಾರ ಕೆಟ್ಟ ಧಣಿಯಾದರೆ ಉಳಿದ ಧಣಿಗಳಿಗೆ ಅದೇ ಪ್ರಮಾಣಪತ್ರವಾಗುತ್ತದೆ.

ವರ್ಷವಿಡೀ ನಡೆಯುವ ಕೆಲಸಕ್ಕೆ ಕಾಯಂ ಹುದ್ದೆ ಮಂಜೂರಾಗಲಿ. ಅದನ್ನು ಬಹಿರಂಗ ಪರೀಕ್ಷೆಯ ಮೂಲಕ ತುಂಬಲಿ, ಈಗಾಗಲೇ ದುಡಿದವರ ವರ್ಷಗಳಿಗೆ ಅದರಲ್ಲಿ ಅಂಕ ಸಿಗಲಿ. ಅಷ್ಟರವರೆಗೆ ಏಜೆನ್ಸಿಯನ್ನು ನಡುವಿನಿಂದ ತೆಗೆದು ಹಣವನ್ನು ನೇರವಾಗಿ ಖಾತೆಗೆ ಹಾಕಲಿ. ಕೆಲಸ ಮಾಡದ ಕಾಯಂ ನೌಕರನ ಮೇಲೆ ಕ್ರಮ ಕೈಗೊಳ್ಳಲಿ, ಅದಕ್ಕೆ ನಾವು ಅಡ್ಡ ಬರುವುದಿಲ್ಲ. ಪೌರಕಾರ್ಮಿಕರ ನೇರ ಪಾವತಿಯಲ್ಲಿ ಸೇರಿಸದೆ ಬಿಟ್ಟಿದ್ದ ಕಸದ ವಾಹನಗಳ ಚಾಲಕರಿಂದಲೇ ಸರಕಾರ ಇದನ್ನು ಆರಂಭಿಸಬಹುದು.

1974ರಲ್ಲಿ ಒಕ್ಕಲುಗಳು ಫಾರ್ಮ್ ನಂಬರ್ 7ರಲ್ಲಿ ಡಿಕ್ಲರೇಶನ್ ಹಾಕಿದರು. ನಾನು ಇಷ್ಟು ವರ್ಷದಿಂದ ಈ ಭೂಮಿಯನ್ನು ಉಳುತ್ತಿದ್ದೇನೆ ಎಂದು ಬರೆದುಕೊಟ್ಟರೆ ಭೂ ನ್ಯಾಯಮಂಡಳಿ ಕರೆದು ವಿಚಾರಿಸುತ್ತಿತ್ತು. ನಮ್ಮ ಪರಿಚಯದ ಆ ಟೆಕ್ನೀಶಿಯನ್ ಬಳಿ ಹನ್ನೊಂದು ನೇಮಕಾತಿ ಆದೇಶಗಳ ಜೆರಾಕ್ಸ್ ಪ್ರತಿಗಳಿವೆ. ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದಾಳೆ. ಅವನ್ನು ಯಾವ ಕಚೇರಿಗೆ ಕೊಡಬೇಕೆಂದು ಆಕೆ ಕೇಳಿದಾಗ ನಮಗೆ ಹೇಳಲು ಒಂದು ವಿಳಾಸವೂ ಇರಲಿಲ್ಲ.